ದುರ್ಗಿ ಹೊತ್ತು ತಂದ ಗರಡಿ

ಬಂಡೆಗಳೇ ಹೆಚ್ಚಿದ್ದ ಒಂದು ಕುರುಚಲು ಕಾಡು. ಅದರ ನಡುವೆ ಒಂದು ಕಲ್ಲುಕೊಳ. ಮಕ್ಕಳೇ, ಈ ಕೊಳ ಹೇಗಿತ್ತು ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಜಗಳವೆಲ್ಲ ಹುಟ್ಟಿದ್ದು ಅದರಿಂದಲೇ. ಸುತ್ತಲೂ ಆನೆಗಾತ್ರದ ಬಂಡೆಗಳು. ನೀರಿಗೆ ಇಳಿಯಲು ಬಂಡೆಗಳ ನಡುವೆ ಒಂದೇ ಒಂದು ಸಂದು. ಸಂದಿನ ಮುಂದೆ ಒಂದು ಕಣದಷ್ಟು ಬಯಲು. ಆ ಬಯಲನ್ನು ದಾಟದೆ ಯಾರೂ ನೀರು ಮುಟ್ಟುವಂತಿರಲಿಲ್ಲ.

ಕೊಳದಿಂದ ಕೂಗಳತೆಯ ದೂರದಲ್ಲಿ, ಹುಣಸೆ ಮರದ ಕೆಳಗೆ, ಒಂದು ಗರಡಿಯಿತ್ತು. ಗರಡಿ ಎಂದರೆ ಕುಸ್ತಿ ಕಲಿಸುವ ಜಾಗ. ಅಲ್ಲಿ ಹಾಸುವ ಹದವಾದ ಮಣ್ಣಿಗೆ ನಾನು ಹುಟ್ಟಿದ ಸೀಮೆಯಲ್ಲಿ ಮಟ್ಟಿ ಎನ್ನುತ್ತಾರೆ. ಈಗ ನಾನಿರುವ ಕಡೆ ಆ ಮಾತು ಯಾರಿಗೂ ತಿಳಿಯದು, ಆದರೆ ಅದಕ್ಕೆ ಬೇರೆ ಮಾತು ನನಗೆ ಬಾರದು. ಗರಡಿಯ ಗುರುವಿಗೆ ವಸ್ತಾದಿ ಎನ್ನುತ್ತಾರೆ. ಈ ಗರಡಿಯ ವಸ್ತಾದಿ ಚೆನ್ನಬೀರ ಎಂಬ ಮುದಿ ಉಡ. ಅವನು ಒಮ್ಮೆ ಹಿಡಿದರೆ ಬಿಡಿಸಿಕೊಳ್ಳುವವರು ಆ ಕಾಡಿನಲ್ಲಿ ಇರಲಿಲ್ಲ.

ಗರಡಿ ಶುರುವಾದ ಕಾಲದಲ್ಲಿ ಸಣ್ಣ ಪ್ರಾಣಿಗಳೆಲ್ಲ ಒಟ್ಟಾಗಿ ಚೆನ್ನಬೀರನ ಬಳಿ ಬಂದಿದ್ದವು. ಹಲ್ಲು ಉಗುರು ಇರುವವರಿಗೆ ಪಟ್ಟುಗಳನ್ನೂ ಕಲಿಸಿಬಿಟ್ಟರೆ ನಾವು ಬದುಕುವುದು ಹೇಗೆ ಎಂದು ಕೇಳಿದ್ದವು. ಚೆನ್ನಬೀರ ತುಂಬಾ ಹೊತ್ತು ಯೋಚಿಸಿ ಅವರಿಗೆ ಮಾತು ಕೊಟ್ಟಿದ್ದ. ಗರಡಿಯ ಶಿಷ್ಯರು ಮಟ್ಟಿಯ ಮೇಲೆ ಮಾತ್ರ ಕೈ ಎತ್ತುತ್ತಾರೆ. ಮಟ್ಟಿಯ ಹೊರಗೆ ಯಾರೇ ಬೈಯಲಿ, ಉಗಿಯಲಿ, ತಳ್ಳಲಿ, ಕೈ ಎತ್ತುವುದಿಲ್ಲ. ಒಬ್ಬ ಶಿಷ್ಯ ಮಾತು ಮುರಿದರೂ ಅದೇ ದಿನ ಗರಡಿ ಮುಚ್ಚುತ್ತದೆ.

ಆ ಮಾತಿನ ಮೇಲೆಯೇ ಮೊಲಗಳು ಗರಡಿಯ ಪಕ್ಕದಲ್ಲಿ ಬಿಲ ಮಾಡಿಕೊಂಡು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದವು.

ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕು ದುರ್ಗಿ. ಅವಳೊಂದು ತರಕರಡಿ. ನೀವು ತರಕರಡಿಯನ್ನು ನೋಡಿರಲಾರಿರಿ. ನಾಯಿಗಿಂತ ಗಿಡ್ಡ, ಮೈಯೆಲ್ಲ ಕಪ್ಪು, ತಲೆಯಿಂದ ಬಾಲದವರೆಗೆ ಬಿಳಿ ಕಂಬಳಿ ಹೊದ್ದ ಹಾಗೆ ಬೆನ್ನು. ಜೇನೆಂದರೆ ಪ್ರಾಣ ಬಿಡುತ್ತದೆ. ಮಣ್ಣು ಅಗೆಯುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಸಿಟ್ಟಿನಲ್ಲಿಯೂ ಇಲ್ಲ. ದುರ್ಗಿಗಂತೂ ತನ್ನ ನೆರಳು ಮುಂದೆ ಹೋದರೂ ಸಿಟ್ಟು ಬರುತ್ತಿತ್ತು. ಗರಡಿಗೆ ಸೇರಿದ ಮೇಲೆ ಅದು ಕಡಿಮೆಯಾಗಿದೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಉಳಿದವರು ಸುಮ್ಮನೆ ತಲೆಯಾಡಿಸುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಕೋರೆಪ್ಪ ಬಂದ.

ಕೋರೆಪ್ಪ ಕಾಡುಹಂದಿ. ಎರಡೂ ಕೋರೆಹಲ್ಲು ಬಾಯಿಂದ ಹೊರಗೆ ಬಾಗಿ ಬಂದಿದ್ದವು. ಜೊತೆಗೆ ಇಬ್ಬರು ತಮ್ಮಂದಿರು. ಬೇರೆ ಹಳ್ಳಗಳೆಲ್ಲ ಬತ್ತಿ ಹೋಗಿದ್ದರಿಂದ ಅವರು ಕಲ್ಲುಕೊಳ ಹುಡುಕಿಕೊಂಡು ಬಂದಿದ್ದರು. ಬಂದರೆ ಯಾರಿಗೇನು, ನೀರು ಎಲ್ಲರಿಗೂ ಸಾಲುತ್ತಿತ್ತು. ಆದರೆ ಕೋರೆಪ್ಪ ಸಂದಿನ ಮುಂದಿನ ಬಯಲಿನಲ್ಲಿ ಅಡ್ಡ ಮಲಗಿ ಕಟ್ಟಳೆ ಹಾಕಿದ. ಬೆಳಗ್ಗೆ ಎಲ್ಲರೂ ತನಗೆ ಗೆಡ್ಡೆ ತಂದು ಒಪ್ಪಿಸಬೇಕು. ತಾನು ನೀರಿನಲ್ಲಿ ಹೊರಳಿ ಎದ್ದ ಮೇಲೆಯೇ ಉಳಿದವರು ಕುಡಿಯಬೇಕು.

ಅವನು ಹೊರಳಿ ಎದ್ದ ನೀರು ನೀರಾಗಿರುತ್ತಿರಲಿಲ್ಲ. ಕೆಸರು, ಅದಕ್ಕೊಂದು ನಾತ. ಹತ್ತು ದಿನದಲ್ಲಿ ಪುಟ್ಟಕ್ಕ ಎಂಬ ಮೊಲದ ನಾಲ್ಕು ಮರಿಗಳೂ ಹೊಟ್ಟೆ ಕೆಟ್ಟು ಬಿಲದಲ್ಲಿ ಮಲಗಿಬಿಟ್ಟವು. ಎಲ್ಲಕ್ಕಿಂತ ಕಿರಿಯದಕ್ಕೆ ತಲೆ ಎತ್ತಲೂ ಆಗುತ್ತಿರಲಿಲ್ಲ. ಮದ್ದು ಬಲ್ಲ ಮುಳ್ಳಜ್ಜ, ಎಂದರೆ ಮುದಿ ಮುಳ್ಳುಹಂದಿ, ಮರಿಗಳ ಕಣ್ಣು ಬಿಡಿಸಿ ನೋಡಿದ. ಇವಕ್ಕೆ ಮದ್ದು ಬೇಡ, ತಿಳಿನೀರು ಬೇಕು, ಆರು ದಿನದೊಳಗೆ ಸಿಗದಿದ್ದರೆ ಇವು ನಮಗಿಲ್ಲ ಎಂದು ಹೇಳಿದ.

ಮರುದಿನ ಬೆಳಕು ಹರಿಯುವ ಮೊದಲೇ ಪುಟ್ಟಕ್ಕ ಒಂದು ಸೋರೆಬುರುಡೆ ಕಚ್ಚಿಕೊಂಡು ಕೊಳಕ್ಕೆ ಹೋದಳು. ಕೋರೆಪ್ಪ ಹೊರಳುವ ಮುನ್ನ ಒಂದು ಬುರುಡೆ ತಿಳಿನೀರು ಕೊಡು ಎಂದು ಬೇಡಿಕೊಂಡಳು. ಕೋರೆಪ್ಪ ಬುರುಡೆಯನ್ನು ಕಾಲಿನಿಂದ ಒದ್ದ. ಅದು ಬಂಡೆಗೆ ಬಡಿದು ಎರಡು ಹೋಳಾಯಿತು.

ಆಗ ಅದೇ ದಾರಿಯಲ್ಲಿ ಬಂದವಳು ದುರ್ಗಿ. ಹೋಳಾದ ಬುರುಡೆಯನ್ನೂ ಪುಟ್ಟಕ್ಕನ ಮುಖವನ್ನೂ ನೋಡಿದಳು. ಮರುಗಳಿಗೆಯಲ್ಲಿ ಅವಳು ಕೋರೆಪ್ಪನ ಮೂಗಿನ ಮುಂದೆ ಇದ್ದಳು. ಅವಳ ಬಲಗೈ ಮೇಲೆ ಎದ್ದಿತ್ತು. ಐದು ಉಗುರೂ ಹೊರಗೆ ಬಂದಿದ್ದವು.

ಕೋರೆಪ್ಪ ಮಲಗಿದಲ್ಲಿಂದ ಅಲುಗಲೂ ಇಲ್ಲ.

"ಹೊಡಿ," ಎಂದ. "ನೀನು ಹೊಡೆದರೆ ನನಗೆ ಒಂದು ಗಾಯ. ನಿಮಗೆ ಗರಡಿಯೇ ಇಲ್ಲ. ಹೊಡಿ ಮಗಳೇ, ಯಾಕೆ ತಡ ಮಾಡ್ತೀಯ?"

ತಮ್ಮಂದಿರು ನಕ್ಕರು. ದುರ್ಗಿಯ ಕೈ ಇಳಿಯಲಿಲ್ಲ. ಆಗ ಮಾತಾಡಿದವಳು ಪುಟ್ಟಕ್ಕ.

"ಕೈ ಇಳಿಸು ದುರ್ಗಿ. ಇವತ್ತು ನನಗೋಸ್ಕರ ಎತ್ತುತ್ತೀಯ. ನಾಳೆ ನಿನಗೆ ಬೇಕೆನಿಸಿದಾಗ ಎತ್ತುತ್ತೀಯ. ಇವನೊಬ್ಬನಿಗೆ ಹೆದರಿ ಬದುಕೋದೇ ನನಗೆ ಸಾಕಾಗಿದೆ, ನಿನಗೂ ಹೆದರೋ ಹಾಗೆ ಮಾಡಬೇಡ."

ತನ್ನ ಮರಿಗಳು ಸಾಯುತ್ತಿದ್ದಾಗ ಆಕೆ ಆಡಿದ ಮಾತು ಇದು. ದುರ್ಗಿ ಕೈ ಇಳಿಸಿದಳು. ಆದರೆ ಹೇಗೆ ಇಳಿಸಿದಳು ಎಂದರೆ, ತಲೆಯ ಮೇಲಿದ್ದ ಕಲ್ಲುಗುಂಡನ್ನು ಇಳಿಸಿದ ಹಾಗೆ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು. ಗರಡಿಯವರಿಗೆ ಸಾಮು ಮಾಡಲು ಮರ ಇದೆಯಲ್ಲ, ಅದಕ್ಕೇ ಹೊಡೆದುಕೊಳ್ಳಿ ಎಂದು ಕೋರೆಪ್ಪ ಹಿಂದಿನಿಂದ ಕೂಗಿ ಹೇಳಿದ.

ಗರಡಿಗೆ ಬಂದ ದುರ್ಗಿ ಗುರುವಿನ ಮುಂದೆ ಕುಳಿತುಕೊಳ್ಳಲಿಲ್ಲ, ನಿಂತೇ ಮಾತಾಡಿದಳು. ಅಲ್ಲಿ ಮುಳ್ಳಜ್ಜನೂ ಇದ್ದ. ಅವನು ಎಲ್ಲ ಕೇಳಿ, ಎರಡು ಗುಡ್ಡದಾಚೆ ಇನ್ನೊಂದು ಕೊಳವಿದೆಯಂತೆ, ದೊಡ್ಡವರ ಜೊತೆ ನಮಗೇಕೆ ಹಟ, ಎಲ್ಲರೂ ಅಲ್ಲಿಗೆ ಹೋಗಿಬಿಡೋಣ ಎಂದ. ನಾಲ್ಕು ಹೆಜ್ಜೆ ಇಡಲಾಗದ ಮರಿಗಳು ಎರಡು ಗುಡ್ಡ ದಾಟುವುದು ಹೇಗೆ ಎಂದು ದುರ್ಗಿ ಕೇಳಿದಳು. ಮುಳ್ಳಜ್ಜ ಮುಖ ತಿರುಗಿಸಿಕೊಂಡ. ಹಾಗಾದರೆ ತಾಳಿಕೊಳ್ಳಬೇಕು ಎಂದು ಗೊಣಗಿದ.

"ತಾಳು, ತಾಳು ಅಂತ ಯಾವಾಗಲೂ ನಮಗೇ ಯಾಕೆ ಹೇಳ್ತೀರಿ?" ಎಂದಳು ದುರ್ಗಿ. "ಒದೆಯೋನಿಗೆ ಒಬ್ಬರೂ ಹೇಳಲ್ಲ. ಒದೆಸಿಕೊಂಡವಳಿಗೆ ಎಲ್ಲರೂ ಹೇಳ್ತೀರಿ."

ನಿಜ ಹೇಳಬೇಕೆಂದರೆ, ಆ ಪ್ರಶ್ನೆಗೆ ಉತ್ತರ ಕೊಡುವವರು ಆ ಕಾಡಿನಲ್ಲಿ ಮಾತ್ರವಲ್ಲ, ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಚೆನ್ನಬೀರ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ. ಈಗ ಒಂದು ಕಣ್ಣು ತೆರೆದ.

"ಕೈ ಎತ್ತಬೇಡ ಅಂದೆ. ಜಾಗ ಬಿಡು ಅಂತ ಯಾವತ್ತಾದರೂ ಅಂದೆನಾ?"

ಹಾಗಾದರೆ ಏನು ಮಾಡಲಿ ಎಂದು ದುರ್ಗಿ ಕೇಳಿದಳು. ಅದು ತನಗೂ ಗೊತ್ತಿಲ್ಲ ಎಂದ ಚೆನ್ನಬೀರ. ಗೊತ್ತಿದ್ದರೆ ಹತ್ತು ದಿನದ ಹಿಂದೆಯೇ ಮಾಡಿರುತ್ತಿದ್ದೆ. ಸದ್ಯಕ್ಕೆ ಇವತ್ತು ಮಟ್ಟಿ ಅಗೆಯುವ ಸರದಿ ನಿನ್ನದು, ಹೋಗಿ ಅಗಿ ಎಂದ.

ಮಟ್ಟಿ ಎಂದರೆ ಬರಿ ಮಣ್ಣಲ್ಲ. ಹುತ್ತದ ಮಣ್ಣನ್ನು ಪುಡಿ ಮಾಡಿ, ಕಲ್ಲು ಬೇರು ಆರಿಸಿ, ಬೇವಿನ ಎಲೆ, ಕಾಡರಿಸಿನ, ಜಜ್ಜಿದ ಹೊಂಗೆ ಬೀಜ ಬೆರೆಸಿ, ನೀರು ಚಿಮುಕಿಸಿ, ದಿನವೂ ಅಗೆದು ತುಳಿದು ಹದ ಮಾಡಬೇಕು. ಒಂದು ದಿನ ಬಿಟ್ಟರೆ ಗಟ್ಟಿಯಾಗುತ್ತದೆ, ಬಿದ್ದವರ ಮೂಳೆ ಮುರಿಯುತ್ತದೆ. ದುರ್ಗಿ ಅಗೆಯತೊಡಗಿದಳು. ಅಂದು ಅವಳು ಅಗೆದ ರೀತಿಗೆ ಮಣ್ಣು ಹುಣಸೆ ಮರದ ಕೊಂಬೆಗೆ ಹಾರುತ್ತಿತ್ತು. ಮರದಲ್ಲಿದ್ದ ಮರಕುಟಿಗ ಜಾಗ ಬದಲಿಸಿತು. ಅವಳು ಒಂದೊಂದು ಹೆಂಟೆಯನ್ನೂ ಕೋರೆಪ್ಪನ ತಲೆ ಎಂದೇ ಒಡೆದಳು.

ಬಿಸಿಲು ಏರುವ ಹೊತ್ತಿಗೆ ಒಡೆಯಲು ಹೆಂಟೆ ಉಳಿಯಲಿಲ್ಲ. ಕೈ ಸೋತಿತ್ತು. ಕೈ ಸೋತ ಮೇಲೆ ತಲೆ ಕೆಲಸ ಶುರು ಮಾಡಿತು. ಅವಳು ಸಣ್ಣವಳಿದ್ದಾಗ ಗರಡಿ ಇಲ್ಲಿರಲಿಲ್ಲ, ಹಳ್ಳದ ಪಕ್ಕದ ಅತ್ತಿ ಮರದ ಕೆಳಗಿತ್ತು. ಒಂದು ವರ್ಷ ಹಳ್ಳದ ನೀರು ನುಗ್ಗಿದಾಗ ಶಿಷ್ಯರೆಲ್ಲ ಸೇರಿ ಮಟ್ಟಿಯನ್ನು ಹೊತ್ತು ಈ ಹುಣಸೆ ಮರದ ಕೆಳಗೆ ತಂದಿದ್ದರು. ಅಂದಿನಿಂದ ಇದು ಗರಡಿ. ಅದು ಬರಿ ಅತ್ತಿ ಮರ.

ದುರ್ಗಿ ಎದ್ದು ಗುರುವಿನ ಬಳಿಗೆ ಬಂದಳು. ಈ ಸಲ ಕುಳಿತುಕೊಂಡಳು.

"ಅಜ್ಜಾ, ಗರಡಿಯನ್ನು ಕೊಳದ ಮುಂದಿನ ಬಯಲಿಗೆ ಹೊತ್ತರೆ?"

ಚೆನ್ನಬೀರ ಎರಡೂ ಕಣ್ಣು ತೆರೆದ. ಅವನು ನಗುವುದನ್ನು ಶಿಷ್ಯರು ನೋಡಿರಲಿಲ್ಲ. ಅವತ್ತು ನೋಡಿದರು. ನೋಡಲು ಅಷ್ಟು ಚೆನ್ನಾಗಿರಲಿಲ್ಲ, ಹಲ್ಲುಗಳಿರಲಿಲ್ಲ.

ಆದರೆ ಅವನು ಕೂಡಲೇ ಹೂಂ ಅನ್ನಲಿಲ್ಲ. ಮಾತು ಕೊಟ್ಟದ್ದು ಸಣ್ಣ ಪ್ರಾಣಿಗಳಿಗೆ, ಅವರು ಒಪ್ಪಬೇಕು ಎಂದ. ಎಲ್ಲರನ್ನೂ ಕರೆಸಿ ಕೇಳಿದ. ಮಟ್ಟಿ ಹಾಸಿದ ಮೇಲೆ ನಮ್ಮಂಥವರು ನೀರಿಗೆ ಹೋಗುವುದು ಹೇಗೆ, ಅದರ ಮೇಲೆ ಕಾಲಿಟ್ಟರೆ ನಾವೂ ಕುಸ್ತಿ ಆಡಬೇಕೇ ಎಂದು ಒಂದು ಇಣಚಿ, ಎಂದರೆ ಅಳಿಲು, ಕೇಳಿತು. ಒಳ್ಳೆಯ ಪ್ರಶ್ನೆ. ಬಂಡೆಗೆ ಅಂಟಿಕೊಂಡು ಒಂದು ಕಿರಿದಾದ ಕಾಲುದಾರಿ ಬಿಡಬೇಕು, ಅದು ಗರಡಿಗೆ ಸೇರಿದ್ದಲ್ಲ ಎಂದು ತೀರ್ಮಾನವಾಯಿತು. ಎಲ್ಲರೂ ಒಪ್ಪಿದರು. ಕಡೆಗೆ ಪುಟ್ಟಕ್ಕನೂ ಒಪ್ಪಿದಳು.

"ಇನ್ನೊಂದು ಮಾತು," ಎಂದ ಚೆನ್ನಬೀರ ದುರ್ಗಿಗೆ. "ಹದವಾಗೋವರೆಗೆ ಅದು ಮಟ್ಟಿ ಅಲ್ಲ, ಬರಿ ಮಣ್ಣು. ಮೂರು ದಿನ ಬೇಕು. ಮೂರು ದಿನವೂ ಅವನು ನಿನ್ನ ಕಣ್ಣೆದುರಿಗೇ ಇರ್ತಾನೆ. ಅಷ್ಟರೊಳಗೆ ಒಂದು ಉಗುರು ತಾಗಿಸಿದರೂ ಗರಡಿ ಇಲ್ಲ, ನೀರೂ ಇಲ್ಲ. ಆಗುತ್ತಾ?"

"ಆಗಲ್ಲ," ಎಂದಳು ದುರ್ಗಿ. ಆಮೇಲೆ ಎದ್ದು ಮೈ ಕೊಡವಿಕೊಂಡು, "ಆದರೂ ಮಾಡ್ತೀನಿ" ಎಂದಳು.

ಮುತ್ತುಗದ ಎಲೆಗಳನ್ನು ಹೆಣೆದು ಚೀಲ ಮಾಡಿದರು. ಅದರಲ್ಲಿ ಮಟ್ಟಿ ತುಂಬಿ ಬೆನ್ನಿಗೆ ಕಟ್ಟಿಕೊಂಡು ಶಿಷ್ಯರು ಸಾಲಾಗಿ ಹೊರಟರು. ಎಲ್ಲರಿಗಿಂತ ದೊಡ್ಡ ಚೀಲ ದುರ್ಗಿಯದು. ಎರಡು ಗುಡ್ಡದಾಚೆ ಹೋಗಿಬಿಡೋಣ ಎಂದಿದ್ದ ಮುಳ್ಳಜ್ಜ ಬೇಡ ಬೇಡ ಎನ್ನುತ್ತಲೇ ಬೇವಿನ ಎಲೆಗಳನ್ನು ತನ್ನ ಮುಳ್ಳುಗಳಿಗೆ ಚುಚ್ಚಿಕೊಂಡು ಹಿಂದೆ ಬಂದ. ನಡುನಡುವೆ ಹೋಗಿ ನೀರುಗೆಡ್ಡೆ ಅಗೆದು, ಅದರ ರಸ ಹಿಂಡಿ ಮರಿಗಳ ಬಾಯಿಗೆ ಬಿಡುತ್ತಿದ್ದ. ಅದು ಜೀವ ಹಿಡಿಯುವಷ್ಟಾಯಿತು, ಗುಣವಾಗುವಷ್ಟಲ್ಲ.

ಮೊದಲ ದಿನ ಕೋರೆಪ್ಪನಿಗೆ ಅದೊಂದು ತಮಾಷೆ. ಗರಡಿಯವರು ಕುಸ್ತಿ ಬಿಟ್ಟು ಕೂಲಿಗೆ ಇಳಿದರು ಎಂದು ನಕ್ಕ. ಮಣ್ಣು ಹೊರುತ್ತಿದ್ದೀಯಲ್ಲ, ಮನೆ ಕಟ್ಟಿಸುತ್ತಿದ್ದೀಯಾ, ಗಂಡು ಎಲ್ಲಿಯವನು ಎಂದು ದುರ್ಗಿಯನ್ನು ಕೇಳಿದ. ದುರ್ಗಿ ಅವನ ಮೂಗಿನಿಂದ ಮೂರು ಅಡಿ ದೂರದಲ್ಲಿ ಚೀಲ ಸುರಿದು ಹಿಂದಿರುಗಿದಳು. ಮತ್ತೆ ತಂದಳು, ಮತ್ತೆ ಸುರಿದಳು.

ಎರಡನೆಯ ದಿನ ಅವನಿಗೆ ಬೇಜಾರಾಯಿತು. ಎಷ್ಟು ಕೆಣಕಿದರೂ ಮಾತಾಡದವರ ಮುಂದೆ ಕೆಣಕುವವನಿಗೇ ನಾಚಿಕೆಯಾಗುತ್ತದೆ. ಅವನು ಎದ್ದು ಮಣ್ಣಿನ ರಾಶಿಯನ್ನು ಮೂತಿಯಿಂದ ಚೆದುರಿಸಿದ. ಶಿಷ್ಯರು ಗುಡಿಸಿ ಕೂಡಿಸಿದರು. ಮತ್ತೆ ಚೆದುರಿಸಿದ. ಮತ್ತೆ ಕೂಡಿಸಿದರು. ಹೀಗೆ ಏಳು ಸಲ. ಚೆದುರಿಸುವುದು ಕೂಡಿಸುವುದರಷ್ಟೇ ಆಯಾಸದ ಕೆಲಸ ಎಂಬುದು ಅವನಿಗೆ ಅವತ್ತೇ ಗೊತ್ತಾಗಿದ್ದು.

ಸಂಜೆ ಅವನು ದುರ್ಗಿಯ ಮುಖಕ್ಕೇ ಒಂದು ಮೂತಿ ಕೆಸರು ಎರಚಿದ. ಕೆಸರಿಗಿಂತ ಹೆಚ್ಚು ಹೊಲಸಾದ ಒಂದು ಮಾತನ್ನು ಅವಳ ತಾಯಿಯ ಬಗ್ಗೆ ಆಡಿದ. ಆ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಮಾತು ಏನೆಂದು ನಾನು ಇಲ್ಲಿ ಬರೆಯುವುದಿಲ್ಲ.

ಅವಳಿಗೆ ಕೋಪ ಬರಲಿಲ್ಲ, ಅವಳು ಶಾಂತಮೂರ್ತಿಯಾಗಿಬಿಟ್ಟಿದ್ದಳು ಎಂದು ಯಾರೂ ತಿಳಿಯಬೇಡಿ. ಬಂತು. ಕಿವಿಯಲ್ಲಿ ಗುಂಯ್ ಎನ್ನುವಷ್ಟು ಬಂತು. ಅವಳು ಚೀಲವನ್ನು ನಿಧಾನವಾಗಿ ಕೆಳಗಿಟ್ಟಳು. ಬಂಡೆಯ ಹಿಂದೆ ಹೋದಳು. ಅಲ್ಲಿ ಒಣಗಿ ಬಿದ್ದಿದ್ದ ಒಂದು ಜಾಲಿಯ ಕೊರಡಿತ್ತು. ಅದನ್ನು ಕಚ್ಚಿದಳು, ಸೀಳಿದಳು, ಸಿಬಿರು ಸಿಬಿರು ಮಾಡಿದಳು. ಆಮೇಲೆ ಸ್ವಲ್ಪ ಅತ್ತಳು. ಆಮೇಲೆ ಬಾಯಲ್ಲಿ ಸಿಕ್ಕಿಕೊಂಡಿದ್ದ ಒಂದು ಸಿಬಿರನ್ನು ಉಗಿದು, ವಾಪಸ್ಸು ಬಂದು ಚೀಲ ಎತ್ತಿಕೊಂಡಳು.

ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂದು ಕೋರೆಪ್ಪನ ಕಿರಿಯ ತಮ್ಮ ಕೇಳಿದ. ಸೌದೆ ಒಡೆಯಲು ಎಂದಳು. ಕಿರಿಯ ತಮ್ಮ ಬಂಡೆಯ ಹಿಂದೆ ಇಣುಕಿ ಆ ಕೊರಡಿನ ಗತಿ ನೋಡಿ ಬಂದ. ಅವನು ಅವತ್ತಿನಿಂದ ನಗುವುದು ಬಿಟ್ಟ.

ಮೂರನೆಯ ದಿನ ಮಟ್ಟಿ ಹಾಸಿ ಮುಗಿಯಿತು. ಅರಿಸಿನ, ಬೇವು, ಹೊಂಗೆ ಬೆರೆಸಿ ನೀರು ಚಿಮುಕಿಸಿದರು. ಇನ್ನು ತುಳಿದು ಹದ ಮಾಡುವುದೊಂದು ಬಾಕಿ. ನೀರಿಗೆಂದು ಬಿಟ್ಟ ಕಾಲುದಾರಿಯ ಅಂಚಿಗೆ ಕಲ್ಲು ಜೋಡಿಸಿದರು. ಮಧ್ಯಾಹ್ನ ಮಣ್ಣಿನಿಂದ ತಂಪು ಏಳತೊಡಗಿತು, ಅರಿಸಿನದ ಪರಿಮಳ ಬಂತು.

ಬಿಸಿಲಿಗೆ ಮೈ ಉರಿಯುತ್ತಿದ್ದ ಕಾಡುಹಂದಿ ಅಂಥ ಮಣ್ಣನ್ನು ನೋಡಿ ಹೇಗೆ ತಾನೇ ಸುಮ್ಮನಿದ್ದೀತು? ಕೋರೆಪ್ಪ ಅದರೊಳಗೆ ಇಳಿದು ಆನಂದದಿಂದ ಹೊರಳಿದ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಮೇಲೆದ್ದು ತುಳಿದ, ಮತ್ತೆ ಬಿದ್ದ. ಗರಡಿಯವರು ತನಗೆ ಹಾಸಿಗೆ ಮಾಡಿಕೊಟ್ಟಿದ್ದಾರೆ ಎಂದು ತಮ್ಮಂದಿರಿಗೆ ಹೇಳಿದ. ಎಂಟು ಮಂದಿ ಶಿಷ್ಯರು ರಾತ್ರಿಯವರೆಗೆ ತುಳಿಯಬೇಕಿದ್ದ ಮಟ್ಟಿ, ಅವನ ಭಾರಕ್ಕೆ, ಎರಡು ಗಳಿಗೆಯಲ್ಲಿ ಬೆಣ್ಣೆಯ ಹಾಗೆ ಹದವಾಯಿತು. ಚೆನ್ನಬೀರ ಬಂದು ಒಂದು ಹಿಡಿ ಎತ್ತಿ, ಮೂಸಿ, ಬೆರಳಿನ ನಡುವೆ ಉಜ್ಜಿ ನೋಡಿದ. ಇಷ್ಟು ಒಳ್ಳೆಯ ಮಟ್ಟಿ ತಾನು ನೋಡಿಲ್ಲ ಎಂದ.

ಆಮೇಲೆ ಮರಕುಟಿಗನಿಂದ ಡಂಗುರ ಹೊಡೆಸಿದ. ಕಾಡಿನವರೆಲ್ಲ ಬಂದು ಬಂಡೆಗಳ ಮೇಲೆ ಕುಳಿತರು. ಚೆನ್ನಬೀರ ಎಲ್ಲರಿಗೂ ಕೇಳುವಂತೆ ಹೇಳಿದ. ಈ ಹೊತ್ತಿನಿಂದ ಗರಡಿ ಇಲ್ಲಿ. ಈ ಮಟ್ಟಿಯ ಮೇಲೆ ಇರುವವರು ಕುಸ್ತಿಗೆ ಇರುವವರು. ಕುಸ್ತಿ ಬೇಡವಾದವರು ಹಣೆಗೆ ಮಣ್ಣು ಮುಟ್ಟಿಸಿಕೊಂಡು ಇಳಿಯಬಹುದು, ಅದರಲ್ಲಿ ಅವಮಾನ ಏನೂ ಇಲ್ಲ. ನೀರಿಗೆ ಹೋಗುವವರಿಗೆ ಕಾಲುದಾರಿ ಇದೆ.

ಇದು ತಾನು ಮಲಗುವ ಜಾಗ, ಇಳಿಯುವುದಿಲ್ಲ ಎಂದ ಕೋರೆಪ್ಪ.

ದುರ್ಗಿ ಮಟ್ಟಿಯ ಅಂಚಿಗೆ ಬಂದಳು. ಮಣ್ಣು ಮುಟ್ಟಿ ಹಣೆಗೆ ಇಟ್ಟುಕೊಂಡು ಒಳಗೆ ಕಾಲಿಟ್ಟಳು.

"ಕೋರೆಪ್ಪ, ಇಳಿದು ಹೋಗು," ಎಂದಳು.

ಅವನು ಇಳಿಯಲಿಲ್ಲ. ಎರಡನೆಯ ಸಲ ಹೇಳಿದಳು. ಅವನು ತಮ್ಮಂದಿರ ಕಡೆ ನೋಡಿ ಕಣ್ಣು ಹೊಡೆದ. ಮೂರನೆಯ ಸಲ ಹೇಳಿದ ಮೇಲೆ ಅವಳು ತೊಡೆ ತಟ್ಟಿದಳು. ಬಂಡೆಗಳ ನಡುವೆ ಆ ಸದ್ದು ಎರಡು ಸಲ ಕೇಳಿಸಿತು.

ಆಗ ಕೋರೆಪ್ಪನಿಗೆ ಅರ್ಥವಾಯಿತು. ಮೂರು ದಿನ ತನ್ನ ಕಣ್ಣೆದುರಿಗೆ ನಡೆದದ್ದು ಏನೆಂದು ಅರ್ಥವಾಗಿ ಮೈಯೆಲ್ಲ ಉರಿಯಿತು. ತನಗೆ ಮೋಸವಾಗಿದೆ ಎಂದು ಅರಚಿದ. ಮುಚ್ಚಿಟ್ಟದ್ದು ಏನಿದೆ ಎಂದು ಚೆನ್ನಬೀರ ಕೇಳಿದ. ನಿನ್ನ ಮೂಗಿನ ಮುಂದೆಯೇ ಸುರಿದೆವಲ್ಲ.

ಕೋರೆಪ್ಪ ತಲೆ ತಗ್ಗಿಸಿ ನುಗ್ಗಿದ. ಅವನು ದುರ್ಗಿಗಿಂತ ನಾಲ್ಕು ಪಟ್ಟು ಭಾರ. ಮೊದಲ ಏಟಿಗೆ ಅವಳು ಮಟ್ಟಿಯ ಆ ತುದಿಗೆ ಹೋಗಿ ಬಿದ್ದಳು. ಮುಳ್ಳಜ್ಜ ಕಣ್ಣು ಮುಚ್ಚಿಕೊಂಡ. ಅವಳು ಹೊಟ್ಟೆಯ ಮೇಲೆ ಬಿದ್ದಿದ್ದಳು, ಬೆನ್ನು ಮಣ್ಣಿಗೆ ತಾಗಿರಲಿಲ್ಲ. ಎದ್ದಳು. ಎರಡನೆಯ ಸಲ ಅವನು ಅವಳ ಹೆಗಲನ್ನೇ ಕಚ್ಚಿ ಹಿಡಿದ. ತರಕರಡಿಯ ಚರ್ಮ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಸಡಿಲ. ಅವಳು ತನ್ನ ಚರ್ಮದೊಳಗೇ ತಿರುಗಿ ಅವನ ಮುಖಕ್ಕೆ ಮುಖ ಕೊಟ್ಟಳು. ಹೆಗಲಿನಿಂದ ರಕ್ತ ಬರುತ್ತಿತ್ತು.

ಅವನು ಕಚ್ಚಿದ ಬಾಯಲ್ಲೇ ಅವಳ ತಾಯಿಯ ಬಗೆಗಿನ ಆ ಮಾತನ್ನು ಮತ್ತೆ ಹೇಳಿದ. ಮಾತು ಆಡಲು ಬಾಯಿ ತೆರೆಯಬೇಕು. ಹಿಡಿತ ಸಡಿಲವಾಯಿತು. ದುರ್ಗಿ ಜಾರಿಕೊಂಡಳು.

ಆಗ ಅವಳಿಗೆ ಒಂದು ವಿಚಿತ್ರ ಹೊಳೆಯಿತು. ಇವನು ಅರಚುತ್ತಿದ್ದಾನೆ, ನೊರೆ ಕಾರುತ್ತಿದ್ದಾನೆ, ಇವನ ಕಣ್ಣಿಗೆ ಏನೂ ಕಾಣುತ್ತಿಲ್ಲ. ಮೂರು ದಿನದ ಹಿಂದೆ ಕೈ ಎತ್ತಿ ನಿಂತಾಗ ತಾನೂ ಹೀಗೆಯೇ ಕಂಡಿರಬೇಕು. ಆ ಯೋಚನೆ ಬಂದದ್ದೇ ಅವಳ ಉಸಿರು ಸಮವಾಯಿತು.

ಮೂರನೆಯ ಸಲ ಕೋರೆಪ್ಪ ಬಂಡೆ ಉರುಳಿದಂತೆ ಬಂದ. ದುರ್ಗಿ ಕೊನೆಯವರೆಗೂ ಕದಲಲಿಲ್ಲ. ಕೋರೆ ಮೈಗೆ ತಾಗುವ ಹೊತ್ತಿಗೆ ನೆಲಕ್ಕೆ ಬಾಗಿ, ಅವನ ಮುಂಗಾಲನ್ನು ಗೊರಸಿನ ಮೇಲ್ಗಡೆ ಹಿಡಿದು, ಪಕ್ಕಕ್ಕೆ ಹೊರಳಿದಳು. ಹಿಡಿದದ್ದು ಅವಳು, ಬಿದ್ದದ್ದು ಅವನ ಓಟಕ್ಕೇ ಅವನು. ನಾಲ್ಕು ಕಾಲೂ ಆಕಾಶಕ್ಕೆ ಹೋದವು. ಕೋರೆಪ್ಪನ ಅಗಲವಾದ ಬೆನ್ನು ಮಟ್ಟಿಗೆ ಪೂರ್ತಿ ತಾಗಿತು. ಚಿತ್.

ದುರ್ಗಿ ಅವನ ಎದೆಯ ಮೇಲಿದ್ದಳು. ಅವಳ ಹಲ್ಲಿನ ಕೆಳಗೇ ಅವನ ಗಂಟಲು.

ಬಂಡೆಗಳ ಮೇಲಿದ್ದವರೆಲ್ಲ ಕಚ್ಚು ಕಚ್ಚು ಎಂದು ಕೂಗತೊಡಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು, ದೊಡ್ಡವರ ಜೊತೆ ಹಟ ಬೇಡ ಎಂದಿದ್ದ ಮುಳ್ಳಜ್ಜನೇ. ಕೂಗದೆ ಇದ್ದವಳು ಪುಟ್ಟಕ್ಕ ಒಬ್ಬಳು. ಅವಳು ದುರ್ಗಿಯ ಹಲ್ಲುಗಳನ್ನೇ ನೋಡುತ್ತಿದ್ದಳು.

ಮೂರು ದಿನ ನುಂಗಿದ ಕೋಪವೆಲ್ಲ ದುರ್ಗಿಯ ದವಡೆಗೆ ಬಂದು ನಿಂತಿತ್ತು. ಮಟ್ಟಿಯ ಮೇಲೆಯೇ ಇದ್ದಾಳೆ, ಕೇಳುವವರು ಯಾರು? ಆದರೆ ಬೆನ್ನು ತಾಗಿದ ಮೇಲೆ ಕುಸ್ತಿ ಮುಗಿಯಿತು. ಮುಗಿದ ಮೇಲೆ ಕಚ್ಚಿದರೆ ಅದು ಕುಸ್ತಿಯಲ್ಲ.

ಅವಳು ಬಾಯಿ ಮುಚ್ಚಿದಳು. ಎದೆಯ ಮೇಲಿನಿಂದ ಇಳಿದಳು.

"ಮೂರು ದಿನ ಸುಮ್ಮನಿದ್ದೆನಲ್ಲ, ಅದು ನಿನಗೆ ಹೆದರಿ ಅಲ್ಲ," ಎಂದಳು. "ಈಗ ಬಿಡ್ತಿರೋದೂ ನಿನಗೆ ಹೆದರಿ ಅಲ್ಲ. ಏಳು. ನೀರು ಬೇಕಾದರೆ ಎಲ್ಲರ ಹಾಗೆ ಕಾಲುದಾರಿಯಲ್ಲಿ ಬಾ, ಸಾಲಿನಲ್ಲಿ ನಿಲ್ಲು."

"ನಿಲ್ಲದಿದ್ದರೆ?" ಎಂದ ಕೋರೆಪ್ಪ ಮಲಗಿದಲ್ಲಿಂದಲೇ.

"ಮಟ್ಟಿ ಇಲ್ಲೇ ಇರುತ್ತೆ. ನಾನೂ ಇಲ್ಲೇ ಇರ್ತೀನಿ."

ಅಷ್ಟರಲ್ಲಿ ಪುಟ್ಟಕ್ಕ ಬಂಡೆಯಿಂದ ಇಳಿದಿದ್ದಳು. ಕಾಲುದಾರಿಯಲ್ಲಿ ನಡೆದು ನೀರಿನ ಬಳಿಗೆ ಹೋದಳು. ರಕ್ತ ಸುರಿಸುತ್ತ, ಇನ್ನೂ ಏದುಸಿರು ಬಿಡುತ್ತಿದ್ದ ತರಕರಡಿಗೆ ಬೆನ್ನು ತೋರಿಸಿ ಕುಳಿತು, ಒಮ್ಮೆಯೂ ಹಿಂದಿರುಗಿ ನೋಡದೆ, ಹೊಟ್ಟೆ ತುಂಬ ನೀರು ಕುಡಿದಳು. ಆಮೇಲೆ ಮರಿಗಳಿಗೆಂದು ಎಲೆದೊನ್ನೆಯಲ್ಲಿ ತುಂಬಿಕೊಂಡಳು. ಗೆದ್ದು ಇಳಿದಾಗ ದುರ್ಗಿಗೆ ಏನೂ ಅನ್ನಿಸಿರಲಿಲ್ಲ. ಆ ಬೆನ್ನು ನೋಡುತ್ತ ಅವಳು ಮಟ್ಟಿಯ ಅಂಚಿನಲ್ಲೇ ಕುಳಿತುಬಿಟ್ಟಳು.

ನಾಲ್ಕು ದಿನದಲ್ಲಿ ಮರಿಗಳು ಎದ್ದು ಓಡಾಡಿದವು. ಎಲ್ಲರಿಗಿಂತ ಕಿರಿಯದಕ್ಕೆ ಇನ್ನೂ ಎರಡು ದಿನ ಹೆಚ್ಚು ಬೇಕಾಯಿತು.

ಕೋರೆಪ್ಪನ ತಮ್ಮಂದಿರು ಮರುದಿನವೇ ಬಂದು ಸಾಲಿನಲ್ಲಿ ನಿಂತಿದ್ದರು. ಕೋರೆಪ್ಪ ಮಾತ್ರ ಎರಡು ಗುಡ್ಡದಾಚೆಯ ಕೊಳ ಹುಡುಕಿಕೊಂಡು ಹೋದ. ಅಂಥದ್ದೊಂದು ಕೊಳ ಅಲ್ಲಿ ಇರಲೇ ಇಲ್ಲ. ಏಳನೆಯ ದಿನ ಮಧ್ಯಾಹ್ನ, ನಾಲಗೆ ಒಣಗಿ, ಮೈಯೆಲ್ಲ ಧೂಳಾಗಿ ವಾಪಸ್ಸು ಬಂದ. ಮಟ್ಟಿ ಅಗೆಯುತ್ತಿದ್ದ ದುರ್ಗಿ ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ಅಗೆಯತೊಡಗಿದಳು. ಅವನು ಹೊಟ್ಟೆ ಒಳಕ್ಕೆ ಎಳೆದುಕೊಂಡು, ಬಂಡೆಗೆ ಮೈ ಉಜ್ಜಿಕೊಂಡು, ಆ ಕಿರಿದಾದ ಕಾಲುದಾರಿಯಲ್ಲಿ ಕಷ್ಟಪಟ್ಟು ಬಂದು ಸಾಲಿನ ಕೊನೆಯಲ್ಲಿ ನಿಂತ.

ಅವನ ಮುಂದೆ ಇದ್ದದ್ದು ಪುಟ್ಟಕ್ಕನ ಕಿರಿಯ ಮರಿ. ಅದು ತಿರುಗಿ ನೋಡಿತು. ಕೋರೆಗಳನ್ನು ಒಂದೊಂದಾಗಿ ನೋಡಿತು. ಆಮೇಲೆ ನೀರಿನ ಕಡೆ ತಿರುಗಿ ಕುಡಿಯಲು ಬಾಗಿತು.

ಅದು ಮುಗಿಸುವವರೆಗೆ ಕೋರೆಪ್ಪ ಕಾದ. ಮರಿ ಬೇಕೆಂದೇ ನಿಧಾನವಾಗಿ ಕುಡಿಯಿತು.

ನೀತಿ: ಬಲ ಕಲಿತವರು ಕೈಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು; ಆದರೆ ಕೈ ತಡೆದುಕೊಂಡವರು ತಮ್ಮ ನೆಲ ಬಿಟ್ಟುಕೊಡಬೇಕಾಗಿಲ್ಲ.